ಪುಸ್ತಕ ತಂದೀರೇನು?

ಬಹಳ ವರ್ಷ ಪಾಠ ಮಾಡಿದವರಿಗೆ ಸೀಮೆಸುಣ್ಣದ ಕೆಮ್ಮಿನ ಜೊತೆಗೆ ಇನ್ನೊಂದು ಕಾಯಿಲೆಯೂ ಅಂಟಿಕೊಳ್ಳುತ್ತದೆ. ಮಾತು ಎಲ್ಲಿಂದ ಶುರುವಾದರೂ ‘ನಮ್ಮ ಕಾಲದಲ್ಲಿ’ ಎನ್ನುವಲ್ಲಿಗೇ ಹೋಗಿ ನಿಲ್ಲುವುದು. ನನಗೆ ಇದು ಬಲವಾಗಿಯೇ ಅಂಟಿದೆ. ಮನೆಯಲ್ಲಿ ನಾನು ‘ನಮ್ಮ’ ಎನ್ನುವಷ್ಟರಲ್ಲಿ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೊರಟುಬಿಡುತ್ತಾರೆ, ಫ್ರಿಜ್ಜಿನಲ್ಲಿ ಹಾಲಿದ್ದರೂ. ನನ್ನ ತರಗತಿಯ ಮಕ್ಕಳಿಗೆ ಪಾಪ, ಆ ಅನುಕೂಲವಿಲ್ಲ.

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಶಾಲೆಯಲ್ಲಿ ನಾನು ಎಂಟನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಬಾಯಿಂದ ಬರುವ ಮೊದಲ ಮಾತು “ಪುಸ್ತಕ ತಂದೀರೇನು?” ಮಕ್ಕಳೆಲ್ಲ ಒಟ್ಟಿಗೆ ಕಿಟಕಿಯ ಹೊರಗೆ ನೋಡುತ್ತಾರೆ. ಒಂದು ದಿನ ಬಸವರಾಜ ಎಂಬ ಹುಡುಗನನ್ನು ಎಬ್ಬಿಸಿ ಕೇಳಿದರೆ, “ಎಲ್ಲಾ ಪಾಠ ಫೋಟೋ ಹೊಡದ್ ಇಟ್ಟೀನ್ರಿ ಟೀಚರ್, ಮೊಬೈಲ್‌ನಾಗ ಅದಾವ” ಎಂದ.

“ಮೊಬೈಲ್ ಎಲ್ಲೈತಿ?”

“ಅಪ್ಪನ ಕಡೆ ಐತ್ರಿ.”

“ಅಪ್ಪ ಎಲ್ಲಿದ್ದಾನ?”

“ಮಾದಾಪುರದಾಗ ಕ್ಯಾಬ್ ಓಡಸಾಕತ್ತಾನ್ರಿ.”

ನನ್ನ ಕನ್ನಡ ಪಾಠಗಳೆಲ್ಲ ಮಾದಾಪುರದ ಕಂಪ್ಯೂಟರ್ ಇಂಜಿನಿಯರುಗಳ ಜೊತೆ ಕುಳಿತು ಊರು ಸುತ್ತುತ್ತಿವೆ ಎಂದು ತಿಳಿದಾಗ ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಅದಕ್ಕೇ ‘ನಮ್ಮ ಕಾಲದಲ್ಲಿ’ ಎಂದು ಉಪದೇಶ ಶುರುಮಾಡಿದೆ.

ನಮ್ಮ ಮನೆಯಲ್ಲಿ ಪುಸ್ತಕ ಬರುವುದೆಂದರೆ ಹಬ್ಬ. ಅಪ್ಪ ರಾಯಚೂರು ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದವರು. ಶಾಲೆ ಶುರುವಾಗುವ ಮುಂಚಿನ ಭಾನುವಾರ ಬನಿಯನ್ನು ತೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ, ನಮ್ಮೆಲ್ಲರ ಪುಸ್ತಕಗಳಿಗೆ ಕವರ್ ಹಾಕಲು ಕೂರುತ್ತಿದ್ದರು. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಅವ್ವನಿಗೆ ಅದನ್ನು ನೋಡಿದರೆ ಸಂಕಟ. “ಇಷ್ಟ್ ಮೈದಾದಾಗ ಮನಿಮಂದಿಗೆಲ್ಲಾ ಪೂರಿ ಆಗ್ತಿದ್ವು” ಎನ್ನುವಳು. ಅಪ್ಪ ತಲೆ ಎತ್ತದೆ, “ಪೂರಿ ಸಂಜೀತನಕ ಇರ್ತಾವ, ಕವರ್ ವರ್ಷಾನಗಟ್ಟಲೆ ಇರ್ತದ” ಎನ್ನುವರು. ಕವರಿನ ಕಾಗದವೆಂದರೆ ಪಕ್ಕದ ಮನೆಯ ಚಾಚಾ ಓದಿ ಕೊಟ್ಟ ಉರ್ದು ಪತ್ರಿಕೆ. ಹೀಗಾಗಿ ನನ್ನ ಗಣಿತದ ಪುಸ್ತಕದ ಹೊರಗಿನದೂ ನನಗೆ ಅರ್ಥವಾಗುತ್ತಿರಲಿಲ್ಲ, ಒಳಗಿನದೂ ಅರ್ಥವಾಗುತ್ತಿರಲಿಲ್ಲ.

ಆದರೆ ನಮ್ಮ ಗಣಿತದ ಮಾಸ್ತರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ ಬಂದವರು. ಒಂದು ದಿನ ಲೆಕ್ಕ ಹೇಳಿಕೊಡಲು ನನ್ನ ಪುಸ್ತಕ ಕೈಗೆತ್ತಿಕೊಂಡವರು ಒಳಗೆ ತೆರೆಯಲೇ ಇಲ್ಲ. ಹೊರಗಿನ ಕವರನ್ನೇ ತಿರುಗಿಸಿ ತಿರುಗಿಸಿ ಓದತೊಡಗಿದರು. ಅದರಲ್ಲೊಂದು ಧಾರಾವಾಹಿ ಕಥೆಯಿತ್ತಂತೆ. ನಾಯಕಿ ಮನೆ ಬಿಟ್ಟು ಟಾಂಗಾ ಹತ್ತುವಲ್ಲಿಗೆ ಕಾಗದ ಮಡಚಿ ಹೋಗಿತ್ತು. “ಮುಂದಿಂದು ಯಾರ ಪುಸ್ತಕದ ಮ್ಯಾಲ ಐತಿ?” ಎಂದು ಕೇಳಿದರು. ಅಣ್ಣನ ಚರಿತ್ರೆ ಪುಸ್ತಕದ ಮೇಲಿರಬಹುದು ಎಂದೆ. ತಡಮಾಡದೆ ನನ್ನನ್ನು ಅವನ ತರಗತಿಗೆ ಓಡಿಸಿದರು. ಆ ದಿನದ ಲೆಕ್ಕ ಇವತ್ತಿಗೂ ನನಗೆ ಬರುವುದಿಲ್ಲ. ಆದರೂ ಪುಸ್ತಕವೆಂದರೆ ಯಾರೋ ಕಾದು ಕೂತು ಓದುವ ವಸ್ತು ಎಂಬುದು ಅವತ್ತೇ ತಲೆಗೆ ಹೋಯಿತು.

ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಕಣ್ಣರಳಿಸಿ ಕೇಳಿದರು, ಮರುದಿನವೂ ಪುಸ್ತಕ ತರಲಿಲ್ಲ. ಹಾಗಾದರೆ ಕವರ್ ಹಾಕಿಸಿಯೇ ಪ್ರೀತಿ ಹುಟ್ಟಿಸುತ್ತೇನೆ ಎಂದು ಬೇಗಂ ಬಜಾರಿನಿಂದ ಕಂದು ಕಾಗದ ತಂದೆ, ಮನೆಯಲ್ಲಿ ಅಂಟು ಕುದಿಸಿ ಡಬ್ಬಿಯಲ್ಲಿ ಒಯ್ದೆ. ಆ ದಿನ ಎಲ್ಲರೂ ಪುಸ್ತಕ ತಂದಿದ್ದರು. ಬೆಂಚು, ಜಡೆ, ನನ್ನ ಸೀರೆಯ ಸೆರಗು ಎಲ್ಲವೂ ಅಂಟಾದವು. ನನಗೋ ಪಡಸಾಲೆಯ ಚಾಪೆಯೇ ಮರಳಿ ಸಿಕ್ಕಷ್ಟು ಖುಷಿ. ಮಾರನೆಯ ದಿನ ಹುರುಪಿನಿಂದ “ಪುಸ್ತಕ ತಂದೀರೇನು?” ಎಂದೆ. ಮೊದಲ ಬೆಂಚಿನ ರೇಣುಕಾ ಎದ್ದು ನಿಂತು, “ಕವರ್ ಭಾಳ ಛಂದ ಆಗೇತ್ರಿ ಟೀಚರ್. ಹೊಲಸ ಆಗ್ತೈತಿ ಅಂತ ಅವ್ವ ಕಪಾಟಿನಾಗ ಇಟ್ಟ ಕೀಲಿ ಹಾಕ್ಯಾಳ್ರಿ” ಎಂದಳು. ಉಳಿದ ಅವ್ವಂದಿರೂ ಅದನ್ನೇ ಮಾಡಿದ್ದರು.

ಸರಿ, ಪುಸ್ತಕವಿಲ್ಲದೆಯೇ ಪಾಠ ಶುರುಮಾಡಿದೆ. ನಾಲ್ಕನೆಯ ಪಾಠ ‘ರೈಲು ನಿಲ್ಲದ ಊರು’. ವರ್ಷವರ್ಷವೂ ಹೇಳಿ ಹೇಳಿ ನನಗದು ಬಾಯಿಪಾಠ. ಒಂದು ಊರು. ಅದರ ಪಕ್ಕದಲ್ಲೇ ರೈಲು ಹೋಗುತ್ತದೆ, ನಿಲ್ಲುವುದಿಲ್ಲ. ಒಬ್ಬ ಅಜ್ಜಿ ತನ್ನ ಕೆಂಪು ಸೀರೆಯನ್ನು ಒಗೆದು ಹಳಿಯ ಬದಿಯ ಬೇಲಿಗೆ ಹರವುತ್ತಾಳೆ. ಡ್ರೈವರು ಅದನ್ನು ನೋಡಿ ಗಾಬರಿಯಿಂದ ಬ್ರೇಕು ಹಾಕುತ್ತಾನೆ. ಕಾಚಿಗೂಡದ ಮಕ್ಕಳು ರೈಲಿನ ಕೂಗು ಕೇಳುತ್ತಲೇ ಬೆಳೆದವರು, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಡ್ರೈವರು ಮೀಸೆ ತಿರುವುತ್ತ ಕೆಳಗಿಳಿದ. ಅಷ್ಟಕ್ಕೆ ಗಂಟೆ ಹೊಡೆಯಿತು.

ಮರುದಿನ ರೇಣುಕಾ ಅವ್ವನ ಜೊತೆ ಜಗಳ ಮಾಡಿ ಪುಸ್ತಕ ತಂದಿದ್ದಳು. ಅಜ್ಜಿಗೆ ಏನಾಯಿತೆಂದು ತಿಳಿಯುವ ತನಕ ಅವಳಿಗೆ ಸಮಾಧಾನವಿರಲಿಲ್ಲ. ಹಾಳೆಗಳನ್ನು ಮಗುಚಿ ಮಗುಚಿ ಕೊನೆಗೆ ಎದ್ದು ನಿಂತಳು.

“ಟೀಚರ್, ರೈಲ ಯಾವ ಪುಟದಾಗ ಐತ್ರಿ?”

“ನಾಲ್ಕನೇ ಪಾಠ ನೋಡವಾ.”

“ನಾಲ್ಕನೇದು ಕೆರಿ ಪಾಠ ಐತ್ರಿ. ರೈಲ ಇಲ್ರಿ.”

“ಸರಿಯಾಗಿ ನೋಡು.”

“ಎಲ್ಲಾ ನೋಡೀನ್ರಿ. ಅಜ್ಜಿನೂ ಇಲ್ರಿ, ಸೀರಿನೂ ಇಲ್ರಿ.”

ಇಡೀ ತರಗತಿ ಅವಳ ಬೆಂಚಿಗೆ ಮುಗಿಬಿದ್ದಿತು. ನಾನೂ ಬಗ್ಗಿ ನೋಡಿದೆ. ಈ ವರ್ಷ ಪುಸ್ತಕ ಬದಲಾಗಿತ್ತು. ನನ್ನ ಪ್ರತಿ ಬಂದು ಸ್ಟಾಫ್ ರೂಮಿನಲ್ಲಿ ಬಿದ್ದಿತ್ತು, ನಾನು ಬಿಚ್ಚಿರಲಿಲ್ಲ. ಕವರ್ ಹಾಕಿಸಿದ ದಿನವೂ ಅಂಟಿನ ಗಡಿಬಿಡಿಯಲ್ಲಿ ಯಾರ ಪುಸ್ತಕವನ್ನೂ ತೆರೆದು ನೋಡಿರಲಿಲ್ಲ. ಬಾಯಿಪಾಠವಿದ್ದವಳಿಗೆ ಪುಸ್ತಕವೇಕೆ? “ಹಂಗಾದ್ರ ಇದು ಪರೀಕ್ಷೆಗೆ ಬರೂದಿಲ್ಲ, ಬಿಡ್ರಿ” ಎಂದೆ. ಯಾರೂ ಕದಲಲಿಲ್ಲ. ಬಸವರಾಜ, “ಪರೀಕ್ಷೆ ಹೋಗ್ಲಿ ಬಿಡ್ರಿ ಟೀಚರ್, ಡ್ರೈವರ್ ಏನಂದ ಅದನ್ನ ಹೇಳ್ರಿ” ಎಂದ.

ಹೇಳಿದೆ. ಬೈಯಲು ಬಂದ ಡ್ರೈವರನಿಗೆ ಅಜ್ಜಿ ತಂಬಿಗೆ ತುಂಬ ಮಜ್ಜಿಗೆ ಕೊಡುತ್ತಾಳೆ. ಅವನು ಕುಡಿದು ಮೀಸೆ ಒರೆಸಿಕೊಂಡು, ಊರಿನ ಹೆಸರೇನೆಂದು ಕೇಳುತ್ತಾನೆ. ಆ ರೈಲಿನವರು ಯಾರೂ ಅಲ್ಲಿಯವರೆಗೆ ಕೇಳಿರದ ಹೆಸರನ್ನು ಅಜ್ಜಿ ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು. ಮಕ್ಕಳು ನಂಬಿಕೆಯಾಗದೆ, ಎಲ್ಲಾದರೂ ಇದ್ದೀತೆಂದು ಇನ್ನೊಮ್ಮೆ ಪುಸ್ತಕದ ಹಾಳೆಗಳನ್ನು ತಿರುವತೊಡಗಿದರು.

ಅದೇ ಹೊತ್ತಿಗೆ ನಮ್ಮ ಹೆಡ್‌ಮಿಸ್ ಬಾಗಿಲಲ್ಲಿ ಬಂದು ನಿಂತರು. ಒಂದು ಪುಸ್ತಕದ ಮೇಲೆ ಇಡೀ ತರಗತಿ ತಲೆಗೆ ತಲೆ ತಾಗಿಸಿ ಬಗ್ಗಿದ್ದನ್ನು ಕಂಡು ಅವರ ಮುಖ ಅರಳಿತು. “ನೋಡ್ರಿ, ಪುಸ್ತಕದಾಗ ಹೆಂಗ ಮುಳುಗ್ಯಾವ ಹುಡುಗ್ರು! ಶನಿವಾರ ಮೀಟಿಂಗ್‌ನಾಗ ಎಲ್ಲಾ ಟೀಚರ್‌ಗಳಿಗೂ ನೀವ ಹೇಳ್ರಿ, ಇದನ್ನ ಹೆಂಗ ಮಾಡಿದ್ರಿ ಅಂತ” ಎಂದರು. ರೇಣುಕಾ ನನ್ನ ಮುಖ ನೋಡಿದಳು. ಪುಣ್ಯಕ್ಕೆ ಮತ್ತೆ ಪುಸ್ತಕಕ್ಕೇ ಬಗ್ಗಿದಳು.

ಶನಿವಾರ ನಾನು ಮಾತಾಡಿದೆ. ಮಕ್ಕಳಲ್ಲಿ ಹುಡುಕುವ ಹಂಬಲ ಹುಟ್ಟಿಸಬೇಕು, ಉತ್ತರವನ್ನು ಒಮ್ಮೆಗೇ ಕೈಗೆ ಕೊಡಬಾರದು ಎಂದೆಲ್ಲ ಹೇಳಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ವಿಜ್ಞಾನದ ಟೀಚರ್ ಆಸಕ್ತಿಯಿಂದ, “ಯಾವ ಪಾಠ ತಗೊಂಡಿದ್ರಿ?” ಎಂದು ಕೇಳಿದರು.

“ಕೆರಿ” ಎಂದೆ.

ಸಂಜೆ ಮನೆಗೆ ಬಂದು ಮೊದಲ ಸಲ ಆ ಕೆರೆಯ ಪಾಠವನ್ನು ಓದಿದೆ. ಪಾಠ ಚೆನ್ನಾಗಿಯೇ ಇದೆ.