ತಮ್ಮ ಜುಟ್ಟು ಹಿಡಿದವನ ವಿನಮ್ರ ಅಹವಾಲು

ವಿಜಯೋತ್ಸವ ಸಮಿತಿಯ ಮೇಲಧಿಕಾರಿಗಳೂ, ತೆನೋಚ್ಟಿಟ್ಲಾನ್ ನಗರದ ನಾಲ್ಕೂ ಕೇರಿಗಳ ಹೆಮ್ಮೆಯೂ, ಗಾಳಿಗೂ ಬಾಗದ ಕಂಬಜುಟ್ಟಿನ ಹಿರಿಯ ಯೋಧರೂ ಆದ ಮಾಸಾತ್ಸಿನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ದೊಡ್ಡ ದೇಗುಲದ ಹಿಂಬದಿಯ ಹಾಸ್ಟೆಲಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿರುವ, ಮತ್ತು ತಮ್ಮ ಕೃಪೆಯಿಂದ ಕಳೆದ ವರ್ಷವೂ ಅದರ ಹಿಂದಿನ ವರ್ಷವೂ ಮೊದಲ ವರ್ಷದ ವಿದ್ಯಾರ್ಥಿಯೇ ಆಗಿದ್ದ ತೋಚಿನ್ ಎಂಬ ಬಡಪಾಯಿಯು ನೆಲ ಮುಟ್ಟಿ, ಆ ಮಣ್ಣನ್ನು ನಾಲಿಗೆಗೆ ತಾಗಿಸಿ ಮಾಡುವ ನಮಸ್ಕಾರಗಳು. ತಮ್ಮ ಹೊಟ್ಟೆಗೆ ಹೋದ ಸರೋವರದ ನೀರೆಲ್ಲ ಹೋಗಬೇಕಾದ ದಾರಿಯಲ್ಲಿ ಹೋಗಿದೆಯೆಂದೂ, ಕಿವಿಯೊಳಗೆ ಸೇರಿಕೊಂಡಿದ್ದ ಗೊದಮೊಟ್ಟೆ ತಾನಾಗಿಯೇ ಹೊರಬಂದಿದೆಯೆಂದೂ ನಂಬಿದ್ದೇನೆ. ಹೊರಬಂದಿಲ್ಲವಾದರೆ ಅದಕ್ಕೂ ನನ್ನ ನಮಸ್ಕಾರಗಳನ್ನು ತಿಳಿಸಬೇಕು.

ಈ ಪತ್ರವನ್ನು ಸಂತೆಯ ಕಂಬಕ್ಕೆ ಅಂಟಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಸ್ವಭಾವತಃ ಕಂಬಕ್ಕೆ ಏನನ್ನೂ ಅಂಟಿಸುವವನಲ್ಲ, ಕಂಬದ ಹಿಂದೆ ನಿಲ್ಲುವವನು. ಆದರೆ ತಮ್ಮ ಕಚೇರಿಗೆ ಬಂದಾಗಲೆಲ್ಲ ಬಾಗಿಲಿನವನು, "ದೊಡ್ಡೋರು ಇನ್ನೂ ಒಣಗ್ತಾ ಇದ್ದಾರೆ, ನಾಳೆ ಬಾ" ಎಂದು ಕಳಿಸಿಬಿಟ್ಟ. ತಮ್ಮಂಥ ಘನವಂತರು ಒಣಗಲು ಕಾಲ ಹಿಡಿಯುವುದು ಸಹಜವೇ. ನನಗೆ ಮಾತ್ರ ಅಷ್ಟು ಕಾಲವಿಲ್ಲ; ಈ ತಿಂಗಳು ಮುಗಿಯುವುದರೊಳಗೆ ನನ್ನ ಹಿಂದಲೆಯ ಜುಟ್ಟು ಹೋಗದಿದ್ದರೆ ಹಾಸ್ಟೆಲಿನಿಂದ ಹೊರಹಾಕಿ, ಹಣೆಗೆ ಪಟ್ಟಿ ಕಟ್ಟಿ, ವರ್ತಕರ ಮೂಟೆ ಹೊರಲು ಕಳಿಸುವುದಾಗಿ ಹಾಸ್ಟೆಲ್ ನಡೆಸುವ ಪೂಜಾರಿಗಳು ಹೇಳಿದ್ದಾರೆ. ನನ್ನ ಬೆನ್ನನ್ನು ತಾವು ನೋಡಿದ್ದೀರಿ. ಅದರ ಮೇಲೆ ಒಂದು ಟರ್ಕಿ ಕೋಳಿ ಕೂತರೂ ನಾನು ಕೂರುತ್ತೇನೆ.

ನಮ್ಮ ಮುತ್ತಾತಂದಿರ ಕಾಲದಲ್ಲಿ ಸ್ಪೇನಿನವರು ಕುದುರೆ, ಕಬ್ಬಿಣ, ಗಡ್ಡ ಇವಿಷ್ಟನ್ನು ನಂಬಿಕೊಂಡು ಬಂದದ್ದು, ಅರಮನೆಯ ಚಿನ್ನವನ್ನು ಇಟ್ಟಿಗೆ ಮಾಡಿ ಸೊಂಟಕ್ಕೆ ಕಟ್ಟಿಕೊಂಡು ಸರೋವರದ ಏರಿಯ ಮೇಲೆ ಓಡಿಹೋಗುವಾಗ ನಮ್ಮವರು ಸೇತುವೆ ಕಿತ್ತು ಅವರನ್ನೆಲ್ಲ ನೀರಿಗೆ ಕೆಡವಿದ್ದು, ಅವರ ದಳಪತಿ ಚಿನ್ನದ ಭಾರಕ್ಕೆ ತಳ ಸೇರಿದ್ದು, ಆಮೇಲೆ ಬಂದ ಕಡಲಾಚೆಯವರೆಲ್ಲ ಕತ್ತಿ ಬಿಟ್ಟು ಸೂಜಿ ದಾರ ಹಿಡಿದು, ಚಪ್ಪಲಿ ಕಳಚಿ, ತಲೆ ಬಗ್ಗಿಸಿ ಒಳಬರಲು ಕಲಿತದ್ದು, ಇದೆಲ್ಲ ತಮಗೆ ಗೊತ್ತಿರುವುದೇ. ಗೊತ್ತಿರುವುದರಿಂದಲೇ ತಾವು ಪ್ರತಿ ವರ್ಷ ಅದನ್ನು ಮೊದಲ ವರ್ಷದ ಹುಡುಗರ ಮೇಲೆ ಆಡಿಸಿ ಊರಿಗೆ ತೋರಿಸುತ್ತೀರಿ. ಮೊದಲ ದಿನ ಸ್ಪೇನಿನವರಾಗಿ ಓಡಿದವರು ಎರಡನೆಯ ದಿನ ನಮ್ಮ ಮೆಶೀಕ ಜನಾಂಗದ ಯೋಧರಾಗಿ ಅಟ್ಟಿಸಿಕೊಂಡು ಹೋಗುತ್ತಾರೆ. ಇಂಥ ನ್ಯಾಯವಾದ ಏರ್ಪಾಟು ಲೋಕದಲ್ಲಿ ಇನ್ನೆಲ್ಲೂ ಇರಲಾರದು. ಅದರಲ್ಲಿ ಇರುವ ಒಂದೇ ಒಂದು ಚಿಕ್ಕ ಕೊರತೆ ನಾನು. ನಾನು ಎರಡೂ ದಿನ ಸ್ಪೇನಿನವನೇ.

ಇದು ನನ್ನ ತಂದೆಯವರಿಂದ ಬಂದ ಆಸ್ತಿ. ನನ್ನ ತಾಯಿ ಶೊಕೊ ಈ ನಗರದಲ್ಲೇ ಹುಟ್ಟಿ ಗರಿಯ ಹೊದಿಕೆ ನೇಯುವವರು. ತಂದೆ ಹಂಫ್ರಿ ಇಂಗ್ಲೆಂಡಿನಿಂದ ಸೂಜಿ ಮಾರಲು ಬಂದು, ಜೋಳದ ಕಡುಬಿನ ರುಚಿ ಹತ್ತಿ, ಪರದೇಶಿಗಳ ಓಣಿಯಲ್ಲೇ ಉಳಿದವರು. ಪಾತ್ರ ಹಂಚುವ ದಿನ ನಾನು ಧೈರ್ಯ ಮಾಡಿ, "ಸ್ವಾಮಿ, ನಮ್ಮಪ್ಪ ಸ್ಪೇನಿನವರಲ್ಲ, ಇಂಗ್ಲೆಂಡಿನವರು. ಅವರಿಗೂ ಇವರಿಗೂ ಮಾತೇ ಇಲ್ಲ" ಎಂದೆ. ತಾವು ತಾಳ್ಮೆಯಿಂದ, "ನಿಮ್ಮಪ್ಪಂಗೆ ಗಡ್ಡ ಇದೆಯೋ ಇಲ್ವೋ?" ಎಂದು ಕೇಳಿದಿರಿ. ಇದೆ ಎಂದೆ. "ಮತ್ತೆ?" ಎಂದಿರಿ. ಆ 'ಮತ್ತೆ'ಗೆ ನಾನು ಇವತ್ತಿನವರೆಗೂ ಉತ್ತರ ಹುಡುಕುತ್ತಿದ್ದೇನೆ. ಮರುಕ್ಷಣವೇ ನನ್ನ ಗಲ್ಲಕ್ಕೆ ಜೋಳದ ತೆನೆಯ ಕೂದಲನ್ನು ಅಂಟಿಸಿ ದಳಪತಿಯನ್ನಾಗಿ ಮಾಡಲಾಯಿತು. ಆ ಅಂಟು ಯಾವ ಮರದ್ದೆಂದು ತಿಳಿಸಿದರೆ ಉಪಕಾರವಾದೀತು. ಗಲ್ಲ ಇನ್ನೂ ಉರಿಯುತ್ತಿದೆ.

ಸ್ಪೇನಿನವನಾದವನು ಯಾರನ್ನೂ ಸೆರೆ ಹಿಡಿಯುವಂತಿಲ್ಲ, ಸಿಕ್ಕಿಬೀಳಬಹುದು ಅಷ್ಟೆ. ಸೆರೆ ಹಿಡಿಯದವನ ಹಿಂದಲೆಯ ಎಳೆಜುಟ್ಟು ಕತ್ತರಿಸುವುದಿಲ್ಲ; ನೆತ್ತಿಯ ಕಂಬಜುಟ್ಟು ತಮ್ಮಂಥ ಹಿರಿಯ ಯೋಧರಿಗೆ ಮಾತ್ರ. ಎಳೆಜುಟ್ಟಿದ್ದವನಿಗೆ ಎರಡನೆಯ ವರ್ಷವಿಲ್ಲ. ನಿಯಮ ಸರಳವಾಗಿಯೇ ಇದೆ: ಎದುರಾಳಿಯ ತಲೆಗೂದಲಿಗೆ ಕೈ ಬಿದ್ದರೆ ಸೆರೆ, ಹಿಡಿದವನು "ಇವನು ನನ್ನ ಪ್ರೀತಿಯ ಮಗ" ಎನ್ನಬೇಕು, ಸಿಕ್ಕಿಬಿದ್ದವನು "ಇವರು ನನ್ನ ಪ್ರೀತಿಯ ತಂದೆ" ಎನ್ನಬೇಕು, ಅಂದಿನಿಂದ ಆ ಸಂಬಂಧ ಖಾಯಂ. ಹಿಂದಿನ ಕಾಲದಲ್ಲಿ ಇಂಥ ಮಗನ ಪ್ರಯಾಣ ದೇಗುಲದ ಮೆಟ್ಟಿಲ ತುದಿಯ ಬಲಿಗಲ್ಲಿಗೆ ಮುಗಿಯುತ್ತಿತ್ತು. ಈಗ ಕಾಲ ಸುಧಾರಿಸಿ ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲಿಗೆ ಮುಗಿಯುತ್ತದೆ. ಹೀಗಾಗಿ ಈ ನಗರದಲ್ಲಿ ನನಗಿರುವಷ್ಟು ತಂದೆಯರು ಬೇರೆ ಯಾರಿಗೂ ಇರಲಾರರು. ಇವರಲ್ಲಿ ಇತ್ತೀಚಿನವನು ನನ್ನ ಕೋಣೆಯ ಓಸೋಮಾ. ನನಗಿಂತ ಚಿಕ್ಕವನು, ಇನ್ನೂ ಸೊಂಟದ ಬಟ್ಟೆ ಸರಿಯಾಗಿ ಕಟ್ಟಿಕೊಳ್ಳಲು ಬರುವುದಿಲ್ಲ. "ಮಗನೇ, ಬೆನ್ನು ಉಜ್ಜು ಬಾ" ಎನ್ನುತ್ತಾನೆ. ಹೋಗಲಿ ಎಂದರೆ, ಮೊನ್ನೆ ನನ್ನ ನಿಜವಾದ ತಂದೆ ಹಾಸ್ಟೆಲಿಗೆ ಬಂದಾಗ ಅವರ ಹೆಗಲ ಮೇಲೆ ಕೈ ಹಾಕಿ, "ನಮ್ಮ ಹುಡುಗ ಸ್ವಲ್ಪ ಪುಕ್ಕಲ, ಅಲ್ವಾ ಹಂಫ್ರಿ?" ಎಂದು ಸುಖದುಃಖ ಹಂಚಿಕೊಂಡ. ನನ್ನ ತಂದೆ ಹೌದೆಂದು ತಲೆಯಾಡಿಸಿದರು.

ಇನ್ನು ಈ ವರ್ಷದ ಉತ್ಸವದ ದಿನದ ವಿಷಯ. ಹಿಂದಿನ ವರ್ಷಗಳಲ್ಲಿ ಚಿನ್ನದ ಬದಲು ಮಣ್ಣಿನ ಇಟ್ಟಿಗೆ ಕಟ್ಟುತ್ತಿದ್ದರು, ನಾನೂ ಕ್ರಮಬದ್ಧವಾಗಿ ಮುಳುಗುತ್ತಿದ್ದೆ, ಯಾರಾದರೊಬ್ಬ ತಂದೆ ಕೂದಲು ಹಿಡಿದು ಎಳೆಯುತ್ತಿದ್ದ. ಈ ಸಲ ಸಮಿತಿಯು ನೋಡಲು ಅಂದವಾಗಿರಲೆಂದು ಹಳದಿ ಬಣ್ಣ ಬಳಿದ ಸೋರೆಬುರುಡೆಗಳನ್ನು ಕಟ್ಟಿಸಿತು. ಭಾರಕ್ಕೆ ಮುಳುಗಬೇಕಾದವನ ಸೊಂಟಕ್ಕೆ ಸೋರೆಬುರುಡೆ ಕಟ್ಟಬೇಕೆಂದು ಹೊಳೆದ ತಲೆ ಯಾವುದೋ, ಅದಕ್ಕೆ ಈಜು ಬಾರದ ನಾನು ಜೀವನಪೂರ್ತಿ ಋಣಿ. ಏರಿಯಿಂದ ನೀರಿಗೆ ಬಿದ್ದೆ. ಬಿದ್ದಷ್ಟೇ ವೇಗದಲ್ಲಿ ಮೇಲೆ ಬಂದು ಬಾತುಕೋಳಿಯಂತೆ ತೇಲತೊಡಗಿದೆ. ತಾವು ಅಲಂಕೃತ ದೋಣಿಯ ಮೂತಿಯಲ್ಲಿ ನಿಂತಿದ್ದಿರಿ.

"ಮುಳುಗೋ ಮಾರಾಯ," ಎಂದಿರಿ ತಾವು. "ಆಗ್ತಿಲ್ಲ ಸ್ವಾಮಿ," ಎಂದೆ ನಾನು. "ಪ್ರಯತ್ನ ಮಾಡು. ಆ ದಳಪತಿ ಮುಳುಗಿರ್ಲಿಲ್ವಾ?" "ಅವನ ಹತ್ರ ನಿಜವಾದ ಚಿನ್ನ ಇತ್ತಲ್ಲ ಸ್ವಾಮಿ." ದಡದಲ್ಲಿ ಕಡುಬು ಮಾರುತ್ತಿದ್ದ ಹೆಂಗಸೊಬ್ಬರು, "ಬಿಡ್ರೀ ಅತ್ಲಾಗೆ, ಈ ಸಲ ಬದುಕ್ಕೊಳ್ಳಲಿ ಪಾಪ" ಎಂದು ಇತಿಹಾಸಕ್ಕೆ ತಿದ್ದುಪಡಿ ಸೂಚಿಸಿದರು. ಅದು ತಮಗೆ ಸರಿಬರಲಿಲ್ಲ. ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡು, ನನ್ನ ತಲೆಯನ್ನು ಇತಿಹಾಸದ ಕಡೆಗೆ ಒತ್ತಲು ತಾವೇ ಖುದ್ದಾಗಿ ಬಗ್ಗಿದಿರಿ. ಸ್ವಲ್ಪ ಹೆಚ್ಚೇ ಬಗ್ಗಿದಿರಿ.

ತಾವು ಹೊದ್ದಿದ್ದಂಥ ಗರಿಯ ಹೊದಿಕೆ ಎಷ್ಟು ನೀರು ಕುಡಿಯಬಲ್ಲದೆಂದು ನೇಯುವವರ ಮಗನಾದ ನನಗೆ ಗೊತ್ತು. ತಾವು ದೋಣಿಯಿಂದ ಜಾರಿ ನೀರೊಳಗೆ ಹೋದಿರಿ, ತಮ್ಮ ಕಂಬಜುಟ್ಟು ಮಾತ್ರ ನೀರಿನ ಮಟ್ಟ ಅಳೆಯುವ ಗೂಟದಂತೆ ಮೇಲೆ ನಿಂತಿತು, ಆಮೇಲೆ ಅದೂ ಇಳಿಯತೊಡಗಿತು. ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಹೆದರುತ್ತಿದ್ದೆ. ಕೈ ಹೋಗಿ ಜುಟ್ಟು ಹಿಡಿಯಿತು, ಸೋರೆಬುರುಡೆಗಳು ನಮ್ಮಿಬ್ಬರನ್ನೂ ಹೊತ್ತವು, ಏರಿಯ ಮೇಲೆ ಸಾಕ್ಷಿಗೆ ನಿಂತಿದ್ದ ಪೂಜಾರಿಗಳು, "ಇಷ್ಟು ಅಚ್ಚುಕಟ್ಟಾದ ಹಿಡಿತ ಈ ವರ್ಷ ನೋಡಿರ್ಲಿಲ್ಲ ಕಣಯ್ಯ" ಎಂದರು. ಅವರು ಹಾಗೆಂದ ಗಾಬರಿಗೆ ನನ್ನ ಬಾಯಿಂದ ಆ ಮಾತು ಹೊರಟಿತು: "ಇವನು ನನ್ನ ಪ್ರೀತಿಯ ಮಗ." ಏಕವಚನಕ್ಕೆ ಕ್ಷಮೆಯಿರಲಿ, ಅದು ಹಾಗೆಯೇ ಹೇಳಬೇಕಾದ ಮಾತು. ತಾವು ಉತ್ತರವಾಗಿ ಸಾಕಷ್ಟು ನೀರನ್ನು ಕಕ್ಕಿದಿರಿ. ಪೂಜಾರಿಗಳು ಅದನ್ನೇ ಒಪ್ಪಿಗೆಯೆಂದು ಭಾವಿಸಿದರು.

ಮರುದಿನ ತಾವು ಡಂಗುರ ಹೊಡೆಸಿದ ತೀರ್ಪನ್ನು ನಾನು ಬಾಯಿಪಾಠ ಮಾಡಿದ್ದೇನೆ, ಅಷ್ಟು ಚೆನ್ನಾಗಿದೆ. ಹಿಡಿದವನು ಸ್ಪೇನಿನವನ ಪಾತ್ರದಲ್ಲಿದ್ದ; ಆದ್ದರಿಂದ ಹಿಡಿದದ್ದು ಸ್ಪೇನು; ಸ್ಪೇನು ಮುತ್ತಾತಂದಿರ ಕಾಲದ ಯುದ್ಧದಲ್ಲಿ ಯಾರನ್ನೂ ಹಿಡಿಯಲಿಲ್ಲ; ಆದ್ದರಿಂದ ಯಾರೂ ಯಾರನ್ನೂ ಹಿಡಿದಿಲ್ಲ; ಮೇಲಧಿಕಾರಿಗಳು ತಾವಾಗಿಯೇ ಮೇಲೆ ಬಂದರು. ತೊಂದರೆಯೆಂದರೆ, ನಮ್ಮ ಓಣಿಯಲ್ಲಿ ವರ್ಷಗಟ್ಟಲೆಯಿಂದ ದೊರೆಗಳ ದರ್ಶನಕ್ಕೆ ಕಾದಿರುವ ಸ್ಪೇನಿನ ಮುದಿ ರಾಯಭಾರಿ ಈ ತೀರ್ಪಿನ ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡ. ಹೊಸ ಅಂಗಿ ತೊಟ್ಟು ನಮ್ಮ ಮನೆಗೆ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, "ನಮ್ಮ ರಾಜರಿಗೆ ಕೊನೆಗೂ ಒಂದು ಗೆಲುವು ತಂದ್ಯಪ್ಪ" ಎಂದು ಅತ್ತ. ಈಗ ಅವನಿಗೆ ಗೆದ್ದವರ ಪಾಲಾಗಿ ಅರ್ಧ ನಗರ ಬೇಕಂತೆ, ಅದು ಕಷ್ಟವಾದರೆ ಸಂತೆಯಲ್ಲಿ ನೆರಳಿರುವ ಒಂದು ಅಂಗಡಿ. ನನ್ನ ತಂದೆ ಎದ್ದು ನಿಂತು, "ಹುಡುಗ ನನ್ನವನು, ಹಿಡಿದದ್ದು ಇಂಗ್ಲೆಂಡ್" ಎಂದರು. ಇಬ್ಬರೂ ಒಬ್ಬರ ಗಡ್ಡ ಇನ್ನೊಬ್ಬರು ಹಿಡಿದು ನಿಂತಾಗ ನನ್ನ ತಾಯಿ ಮಗ್ಗದಿಂದ ತಲೆ ಎತ್ತಲಿಲ್ಲ. "ಹೆತ್ತೋಳು ನಾನು, ನೀರು ನಮ್ಮ ಕೇರಿದು. ನೀವಿಬ್ರೂ ಸೂಜಿ ಮಾರೋಕೆ ಹೋಗಿ," ಎಂದರು. ಅವರು ಹೋದ ಮೇಲೆ ನನ್ನನ್ನು ಕೇಳಿದರು: "ನೀನು ಯಾವ ಕಡೆಯೋನು ಅಂತ ಕೈ ಹಾಕಿದೆ?" "ಯಾವ ಕಡೆಯೂ ಅಲ್ಲಮ್ಮ, ಅವ್ರು ಮುಳುಗ್ತಿದ್ರು." "ಹಂಗಂತ ಬರಿ," ಎಂದರು.

ಆದ್ದರಿಂದ ಹಾಗೆಂದೇ ಬರೆದಿದ್ದೇನೆ. ನನಗೆ ಅರ್ಧ ನಗರ ಬೇಡ, ಅಂಗಡಿಯೂ ಬೇಡ. ಎರಡನೆಯ ವರ್ಷದವರು ದೇಗುಲದ ಮಾಳಿಗೆಯ ಮೇಲೆ ಕೂತು ನಕ್ಷತ್ರ ಓದುವುದನ್ನು ಕಲಿಯುತ್ತಾರೆ, ಅಲ್ಲಿ ಕತ್ತಲಾದ್ದರಿಂದ ಯಾರ ಅಪ್ಪನಿಗೆ ಗಡ್ಡವಿದೆಯೆಂದು ಯಾರೂ ನೋಡುವುದಿಲ್ಲ. ನನಗೆ ಆ ಮಾಳಿಗೆಯ ಮೇಲೆ ಒಂದು ಮೂಲೆ ಬೇಕು. ತಾವು ದಯಮಾಡಿ ನನ್ನ ಹಿಡಿತವನ್ನು ಮೆಶೀಕನ ಹಿಡಿತವೆಂದು ಒಪ್ಪಬೇಕು. ಒಪ್ಪಲಾಗದಿದ್ದರೆ ಅಂದಿನ ಯುದ್ಧದಲ್ಲಿ ಸ್ಪೇನೇ ಗೆದ್ದಿತ್ತೆಂದು ಸಾರಿ, ದೇಗುಲವನ್ನು ಬಿಚ್ಚಿ ಕಲ್ಲುಗಳನ್ನು ರಾಯಭಾರಿಗೆ ಒಪ್ಪಿಸಿ, ನಾವೆಲ್ಲರೂ ಉಣ್ಣೆಯ ಅಂಗಿ ತೊಟ್ಟು ಬೆವರುವಂತೆ ಆದೇಶಿಸಬೇಕು. ಅದೂ ಅತಿಯೆನಿಸಿದರೆ ತಾವು ಅದೇ ಹೊದಿಕೆ ಹೊದ್ದು ಅದೇ ಜಾಗದಲ್ಲಿ ಮತ್ತೊಮ್ಮೆ ನೀರಿಗೆ ಇಳಿಯಬೇಕು. ತಾವಾಗಿಯೇ ಮೇಲೆ ಬಂದರೆ ನಾನು ಮಾತಿಲ್ಲದೆ ಮೂಟೆ ಹೊರುತ್ತೇನೆ. ನಾನು ದಡದಲ್ಲೇ ಕೈ ಕಟ್ಟಿಕೊಂಡು ಕೂತಿರುತ್ತೇನೆ, ತಮಗೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ.

ಪತ್ರವನ್ನು ಇಲ್ಲಿಗೆ ಮುಗಿಸಿ ಅಂಟು ಕಲಸುತ್ತಿದ್ದೆ. ಅಷ್ಟರಲ್ಲಿ ತಮ್ಮ ಮಾತೃಶ್ರೀಯವರು ಕೋಲೂರಿಕೊಂಡು ಹಾಸ್ಟೆಲಿನ ಅಂಗಳಕ್ಕೆ ಬಂದರು.

"ನನ್ನ ಮಗನ ಅಪ್ಪ ಯಾರಪ್ಪ ಇಲ್ಲಿ?" ಎಂದು ಕೇಳಿದರು. ಅಂಗಳವೆಲ್ಲ ನನ್ನ ಕಡೆ ನೋಡಿತು. "ನೀನಾ? ಊಟ ಗೀಟ ಮಾಡ್ತೀಯೋ ಇಲ್ವೋ? ಅದಿರ್ಲಿ, ನನ್ನ ಮಗನಿಗೆ ನೀನು ಅಪ್ಪ ಅಂದ್ರೆ, ನನಗೇನಾಗ್ಬೇಕು?" ಎಂದು ಪೂಜಾರಿಗಳತ್ತ ತಿರುಗಿದರು. ಪೂಜಾರಿಗಳು ಹಾಡುಹಗಲಲ್ಲಿ ನಕ್ಷತ್ರ ಹುಡುಕತೊಡಗಿದರು. "ಹೋಗ್ಲಿ ಬಿಡು, ಮೊಮ್ಮಗ ಅಂತ ಇಟ್ಕೋತೀನಿ. ಆವತ್ತು ನಾನು ದಡದಲ್ಲೇ ಇದ್ದೆ. ತಾನಾಗೇ ಮೇಲೆ ಬಂದೆ ಅಂತ ಡಂಗುರ ಹೊಡೆಸವ್ನೆ. ತಾನಾಗೇ ಬರೋನಾಗಿದ್ರೆ ಚಿಕ್ಕಂದಿನಲ್ಲಿ ಕಾಲುವೆಗೆ ಬಿದ್ದಾಗೆಲ್ಲ ನಾನ್ಯಾಕೆ ಕೋಲು ಹಿಡ್ಕೊಂಡು ಓಡ್ತಿದ್ದೆ? ತಿರುಗು."

ತಿರುಗಿದೆ. ಸೆರಗಿನ ಗಂಟಿನಿಂದ ಕಪ್ಪು ಗಾಜುಗಲ್ಲಿನ ಚಾಕು ಹೊರಬಂತು. "ಅಮ್ಮಾ, ಮೇಲಧಿಕಾರಿಗಳ ಅಪ್ಪಣೆ ಬೇಕಲ್ಲ" ಎಂದರು ಪೂಜಾರಿಗಳು, ದೂರದಿಂದ. "ಅವನ ತಲೆಗೆ ಮೊದಲ ಜುಟ್ಟು ಕಟ್ಟಿದ್ದು ನಾನು. ಇವನದ್ದು ಕುಯ್ಯೋಕೆ ಅವನನ್ನ ಕೇಳ್ಬೇಕಾ?" ಎಂದು, ಮಾತು ಮುಗಿಯುವುದರೊಳಗೆ ಕೆಲಸ ಮುಗಿಸಿ, ಜುಟ್ಟನ್ನು ತಾವೇ ಒಯ್ದು ದೇಗುಲದ ಬೆಂಕಿಗೆ ಹಾಕಿದರು. ಓಸೋಮಾ ಮೊದಲ ಬಾರಿಗೆ ನನ್ನನ್ನು ಹೆಸರು ಹಿಡಿದು ಕರೆದ.

ಆದ ಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಸುಟ್ಟ ಕೂದಲನ್ನು ಮತ್ತೆ ಅಂಟಿಸತಕ್ಕದ್ದೆಂದು ಆದೇಶ ಹೊರಡಿಸುವ ಅಧಿಕಾರ ತಮಗಿದೆಯೆಂದು ಬಲ್ಲೆ. ಆ ಆದೇಶವನ್ನು ಮೊದಲು ಮನೆಯಲ್ಲಿ ತಮ್ಮ ತಾಯಿಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದಷ್ಟೇ ನನ್ನ ಪ್ರಾರ್ಥನೆ. ನಾಳೆ ಸಂಜೆ ಮಾಳಿಗೆ ಹತ್ತುತ್ತೇನೆ. ಜುಟ್ಟಿಲ್ಲದ ಕತ್ತಿನ ಹಿಂಬದಿಗೆ ಗಾಳಿ ತಾಗುತ್ತಿದೆ. ಸ್ವಲ್ಪ ಚಳಿಯಾಗುತ್ತದೆ, ದೂರಲ್ಲ.

ತಮ್ಮ ವಿಶ್ವಾಸಿ, ಹಾಗೂ ನಿಯಮದಂತೆ ತಮ್ಮ ತಂದೆ,
ತೋಚಿನ್
ಎರಡನೆಯ ವರ್ಷ

ಮರೆತ ಮಾತು: ಹಟ ಮಾಡುವ ಮಗನನ್ನು ತಂದೆಯಾದವನು ಸುಡುವ ಮೆಣಸಿನಕಾಯಿಯ ಹೊಗೆಗೆ ಹಿಡಿಯುವುದು ನಮ್ಮ ಪದ್ಧತಿಯೆಂದೂ, ತಮ್ಮ ವಿಷಯದಲ್ಲಿ ಇದು ಬಹಳ ವರ್ಷಗಳಿಂದ ಬಾಕಿ ಉಳಿದಿದೆಯೆಂದೂ ತಮ್ಮ ಮಾತೃಶ್ರೀಯವರು ನೆನಪಿಸಿದ್ದಾರೆ. ನನಗೆ ಮನಸ್ಸಿಲ್ಲ, ಹೊಗೆ ನನಗೂ ಆಗುವುದಿಲ್ಲ. ಆದರೂ ಹಿರಿಯರ ಮಾತು ಮೀರಲಾರೆ. ಮುಂದಿನ ಸಂತೆಯೊಳಗೆ ತಮ್ಮ ಡಂಗುರ ಬದಲಾಗದಿದ್ದರೆ ತಮಗೆ ಬಿಡುವಿರುವ ದಿನ ತಿಳಿಸಬೇಕು. ತಮ್ಮನ್ನು ಎತ್ತಿ ಹಿಡಿದುಕೊಳ್ಳಲು ನನ್ನ ಉಳಿದ ತಂದೆಯರೆಲ್ಲ ಒಪ್ಪಿದ್ದಾರೆ.