ಕರದಂಟಿಗೆ ಹೋದ ಕ್ಲಾಸು

ಒಂದು ಕಿಲೋ ಕರದಂಟು ತರಲು ಐದು ಮಂದಿ ಬೇಕಿರಲಿಲ್ಲ. ಆದರೆ ಮುತ್ತುರಾಜನ ಕ್ಲಾಸಿನಲ್ಲಿ ಇದ್ದವರೇ ಐವರು. ಐವರೂ ಅಮೀನಗಡಕ್ಕೆ ಹೊರಟರು. ತಪಾಸಣೆಗೆ ಬರುವ ಮೇಡಂಗೆ ಬಾಯಿ ಸಿಹಿ ಮಾಡಿಸೋಣವೆಂದು ಕಳಿಸಿದವನು ಅವನೇ. ಹನ್ನೊಂದಕ್ಕೆ ಫೋನು ಬಂತು.

"ಸರ್, ಬಸ್ಸು ಕೆಟ್ಟು ನಿಂತೈತ್ರಿ. ಕರದಂಟು ಮಾತ್ರ ಭಾಳ ಛಲೋ ಐತ್ರಿ."

ಹುನಗುಂದದ ಹೊರಗಿನ ಆ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಸಾಮಾನ್ಯ ಸಮಾಜ ವಿಜ್ಞಾನದ ಎಂ.ಎ. ಉಳಿಯಬೇಕೋ ಮುಚ್ಚಬೇಕೋ ಎಂಬುದು ಅಂದೇ ತೀರ್ಮಾನವಾಗುವುದಿತ್ತು. ಮುಚ್ಚಿದರೆ ಮುತ್ತುರಾಜನ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅಪ್ಪನ ಕುರಿಗಳ ಹಿಂದೆ ಬರುತ್ತೇನೆಂದು ಮಾತು ಕೊಟ್ಟಾಗಿತ್ತು. ಬಾಲ್ಯವಿಡೀ ಕುರಿಗಳ ಬಾಲ ನೋಡಿದವನು, ಇನ್ನೊಮ್ಮೆ ನೋಡಬಾರದೆಂದೇ ಹಟ ಹಿಡಿದು ಓದಿದ್ದ.

"ಚಿಂತಿ ಯಾಕ್ರಿ ಸರ್? ಬೆಂಚು ತುಂಬಿದ್ರ ಆತಲ್ಲ!" ಎಂದ ಕೇಂದ್ರದ ಸಿಪಾಯಿ ಹುಸೇನಪೀರ.

ಬೇಡ ಎನ್ನುವಷ್ಟರಲ್ಲಿ ಚಹಾದಂಗಡಿಯ ಬೋರವ್ವನನ್ನು ತಂದು ಮುಂದಿನ ಬೆಂಚಿಗೆ ಕೂರಿಸಿದ. ಕೋರ್ಸು ಮುಚ್ಚಿತೇ ಎಂದು ನೋಡಲು ಕುರಿ ಹೊಡೆದುಕೊಂಡು ಬಂದಿದ್ದ ಅಪ್ಪ ಹಣಮಪ್ಪನನ್ನೂ ಬಿಡಲಿಲ್ಲ. ಹಣಮಪ್ಪನ ಕೈಯಲ್ಲಿ ಎರಡು ಕೋಲಿದ್ದವು. ಒಂದು ತನಗೆ, ಇನ್ನೊಂದು ಮಗನಿಗೆ.

ಆಗಲೇ ಜಯಶ್ರೀ ಮೇಡಂ ಬಂದರು. ಮೈಸೂರು ಕಡೆಯವರು, ಮಾತೆಲ್ಲ ಅಚ್ಚು ಹಾಕಿಸಿದಂತೆ. ಹಾಜರಿ ಪುಸ್ತಕ ಕೇಳಿದರು. ಹಣಮಪ್ಪನ ಹಿಂದೆಯೇ ಒಳಗೆ ನುಗ್ಗಿದ್ದ ಟಗರು ಅದನ್ನು ನೆಮ್ಮದಿಯಾಗಿ ಮೆಲ್ಲುತ್ತಿತ್ತು.

"ಸಾಮಾಜಿಕ ಒಪ್ಪಂದ ಎಂದರೇನು?" ಮೇಡಂ ಬೆಂಚಿನ ಕಡೆ ತಿರುಗಿದರು.

ಹಣಮಪ್ಪ ಎದ್ದ. "ಒಬ್ರ ಹೊಲದಾಗ ಕುರಿ ನಿಲ್ಲಸ್ತೇನ್ರಿ. ಅವರಿಗೆ ಗೊಬ್ಬರ ಆಕ್ಕೈತಿ, ನಮಗ ಜ್ವಾಳ ಕೊಡ್ತಾರ. ಕಾಗದ ಇಲ್ಲ, ಪತ್ರ ಇಲ್ಲ. ಮಾತು ತಪ್ಪಿದವರ ಹೊಲಕ್ಕ ಮುಂದಿನ ವರ್ಷ ಯಾರ ಕುರೀನೂ ಹೋಗಂಗಿಲ್ರಿ."

ಮೇಡಂ ಪೆನ್ನು ತೆಗೆದರು. "ಒಂದು ಊರನ್ನು ಅಧ್ಯಯನ ಮಾಡುವುದು ಹೇಗಮ್ಮ?"

"ಅಂಗಡ್ಯಾಗ ಯಾರು ಯಾರ ಮಗ್ಗಲ ಕುಂಡ್ರಂಗಿಲ್ಲ ಅಂತ ನೋಡಿದ್ರ ಸಾಕ್ರಿ, ಊರು ತಿಳೀತೈತಿ," ಎಂದಳು ಬೋರವ್ವ.

ಎರಡು ವರ್ಷ ಮುತ್ತುರಾಜ ಬೋರ್ಡಿನ ಮೇಲೆ ಬರೆದು ಅಳಿಸಿದ್ದನ್ನು ಇವರು ಎರಡು ಮಾತಿನಲ್ಲಿ ಮುಗಿಸಿದ್ದರು. ಜೀವನದಲ್ಲಿ ಮೊದಲ ಸಲ ಅವನು ಅಪ್ಪನ ಮಾತನ್ನು ಟಿಪ್ಪಣಿ ಮಾಡಿಕೊಂಡ.

"ತಾವು ಯಾವ ಸೆಮಿಸ್ಟರ್?" ಮೇಡಂ ಕೇಳಿದರು.

"ಅದೇನೋ ಗೊತ್ತಿಲ್ರಿ. ನಾ ಹಣಮಪ್ಪ, ಈ ಮಾಸ್ತರನ ಅಪ್ಪ."

ಹುಸೇನಪೀರ ಮೆಲ್ಲಗೆ ಬಾಗಿಲ ಕಡೆ ಸರಿದ. ಮುತ್ತುರಾಜ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ: "ಊರಿನ ಅನುಭವಿಗಳನ್ನ ಕರೆಸಿ ಪಾಠ ಹೇಳಿಸೋದು ನಮ್ಮ ಪದ್ಧತಿ, ಮೇಡಂ!"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥ ಕೋರ್ಸನ್ನು ನಾನು ಎಲ್ಲೂ ನೋಡಿರಲಿಲ್ಲ!" ಅಲ್ಲೇ ಕೂತು ವರದಿ ಬರೆದು, ಓದಿಯೂ ತೋರಿಸಿದರು. ಅತ್ಯುತ್ತಮ ಶ್ರೇಣಿ. ಕೋರ್ಸು ಮುಚ್ಚುವ ಮಾತೇ ಇಲ್ಲ. ಮುತ್ತುರಾಜ ಅಪ್ಪನ ಕಾಲಿಗೆ ಬೀಳುವುದೊಂದು ಬಾಕಿ.

"ಇನ್ನೊಂದು ಸಾಲಿದೆ," ಎಂದರು ಮೇಡಂ. "'ಇಂಥ ಜ್ಞಾನವನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕುವುದು ಅನ್ಯಾಯ. ಇಂದಿನಿಂದಲೇ ತರಗತಿಗಳು ಹಣಮಪ್ಪನವರ ಕುರಿಮಂದೆಯ ಜೊತೆಯಲ್ಲೇ ನಡೆಯಲಿ. ಉಪನ್ಯಾಸಕರು ಒಂದು ದಿನವೂ ತಪ್ಪಿಸುವಂತಿಲ್ಲ.'"

ಅಷ್ಟರಲ್ಲಿ ಐವರು ವಿದ್ಯಾರ್ಥಿಗಳೂ ಬಾಯಿ ಒರೆಸಿಕೊಳ್ಳುತ್ತ, ಖಾಲಿ ಡಬ್ಬಿಯೊಂದಿಗೆ ಬಂದರು.

ಹಣಮಪ್ಪ ಎರಡನೆಯ ಕೋಲನ್ನು ಮಗನ ಕೈಗಿತ್ತ.

"ನಡೀರಿ ಮಾಸ್ತರ, ಕುರಿ ಆಗಲೇ ಗುಡೂರ ದಾರಿ ಹಿಡದಾವು."