ಗಿಡ್ಡ ಬುಡದ ಏಪ್ರಿಕಾಟ್

ನಾನು ಶಾಸ್ತ್ರೋಕ್ತವಾಗಿ ಮಾಡಹೊರಟ ಕೆಲಸಗಳೆಲ್ಲ ಹೀಗೇ ಆಗುತ್ತವೆ. ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವವನು, ಸಿಡ್ನಿಯ ಗಿರಾವೀನ್‌ನ ನಮ್ಮ ಮನೆ ಹಿತ್ತಲಲ್ಲಿ ಗಿಡಗಳನ್ನೂ ಟೆಸ್ಟ್ ಮಾಡಹೊರಟೆ. ಏಪ್ರಿಕಾಟ್ ಹಣ್ಣಿನ ಟೊಂಗೆಯನ್ನು ಬೇರೆ ಗಿಡದ ಬುಡಕ್ಕೆ ಕಸಿ ಕಟ್ಟುತ್ತಾರೆ. ಎರಡು ತಳಿ, ಒಂದೊಂದೂ ಗಿಡವನ್ನು ಎತ್ತರ ಬೆಳೆಸುವ ಬುಡದಲ್ಲೊಂದು, ಗಿಡ್ಡವಾಗಿಡುವ ಬುಡದಲ್ಲೊಂದು. ಒಟ್ಟು ನಾಲ್ಕು ಗಿಡ, ಒಂದು ಎಕ್ಸೆಲ್ ಶೀಟ್.

೧. ಚಳಿ

ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿರುವ ಭಾವ, ಅಂದರೆ ಅಕ್ಕನ ಗಂಡ, ಫೋನಿನಲ್ಲಿ ನಕ್ಕರು. "ಕಾಯಿ ಬಿಡೋಕೆ ಸಿಡ್ನಿ ಚಳಿ ಏಪ್ರಿಕಾಟ್‌ಗೆ ಎಲ್ಲಿ ಸಾಲುತ್ತೋ? ನಮ್ಮನೇಲಿ ನೋಡು, ಗಿಡ್ಡ ಬುಡದ್ದೇ ಎಷ್ಟು ಜೋರಾಗಿ ಬೆಳೀತಿದೆ."

ನನಗೆ ಉರಿದುಹೋಯಿತು. ಹಣ್ಣು ತೋರಿಸದೆ ಇನ್ನು ಅವರಿಗೆ ಮುಖ ತೋರಿಸುವಂತಿರಲಿಲ್ಲ. ದಿನಾ ಬೆಳಗ್ಗೆ ಫ್ರಿಜ್ಜಿನ ಐಸ್ ತಂದು ಬುಡಕ್ಕೆ ಸುರಿದೆ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ, ಏನದು ಎಂದು ಮಗಳನ್ನು ಕೇಳಿದರು.

"ಡ್ಯಾಡ್ ಈಸ್ ಮೇಕಿಂಗ್ ಮೆಲ್ಬರ್ನ್," ಎಂದಳು ಮಗಳು.

೨. ಗಂಟು

ಒಂದು ತಳಿಯ ಎರಡೂ ಗಿಡಗಳ ಬುಡದಲ್ಲಿ ದಪ್ಪ ಗಂಟು ಕಾಣಿಸಿತು. ರೋಗವೆಂದು ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ತಂತಿಯಲ್ಲಿ ಬಿಗಿದೆ. ಎರಡೂ ಒಣಗಿದವು. ನರ್ಸರಿಯವನಿಗೆ ಫೋಟೋ ತೋರಿಸಿದರೆ, "ಅದು ಕಸಿ ಕೂಡಿದ ಜಾಗ. ನೀವು ಗಿಡದ ಕುತ್ತಿಗೆ ಬಿಗಿದಿದ್ದೀರಿ," ಎಂದ.

ಮನೆಗೆ ಬಂದು ಶೀಟಿನಲ್ಲಿ ಬರೆದೆ: "ಈ ತಳಿ ಬಹಳ ನಾಜೂಕು."

೩. ವರದಿ

ಮರುವರ್ಷ ಧಾರವಾಡದಿಂದ ಅವ್ವ ಬಂದಳು. ಉಳಿದ ಎರಡು ಗಿಡಗಳಲ್ಲೂ ಮೊಗ್ಗು ಬಂದಿತ್ತು. ಕಾತರ ತಡೆಯಲಾರದೆ ದಿನಾ ಟ್ರೇನಿಗೆ ಓಡುವ ಮುಂಚೆ ಅವ್ವನ ಪೂಜೆಯ ಮುಂದೆ ನಿಂತು ಕೈಮುಗಿದೆ.

ಎತ್ತರದ ಗಿಡದಲ್ಲಿ ಆರು ಹಣ್ಣು! ಗಿಡ್ಡದರಲ್ಲಿ ಒಂದೂ ಇಲ್ಲ. ಆರನ್ನೂ ವಿಡಿಯೋದಲ್ಲಿ ಭಾವನಿಗೆ ತೋರಿಸಿ, ಚಾರ್ಟ್ ಸಮೇತ ಉಪನ್ಯಾಸ ಕೊಟ್ಟೆ: ಗಿಡ್ಡ ಬುಡ ಶುದ್ಧ ದಂಡ. ನನ್ನದನ್ನು ಕಿತ್ತು ಹಾಕಿದೆ. ನನ್ನ ಮಾತು ನಂಬಿ ಪಾಪ ಅವರೂ ಇನ್ನೂ ಕಾಯಿ ಬಿಡದ ತಮ್ಮದನ್ನು ಕಿತ್ತರು.

ಸಂಜೆ ಅವ್ವ ಹಿತ್ತಲಿಗೆ ಬಂದು ಗುಂಡಿ ನೋಡಿದಳು.

"ಅಯ್ಯ, ಗಿಡ್ಡಂದು ಯಾಕ ಕಿತ್ತಿ? ದೇವರಿಗೆ ದಿನಾ ಅದರ ಹೂವೇ ಏರಸ್ತಿದ್ದೆ. ಎತ್ತರದ್ದು ನನಗ ನಿಲುಕೂದಿಲ್ಲ."

"ಎಲ್ಲಾ ಹೂವೂ ಹರದೀ? ನನಗೊಂದು ಮಾತು ಹೇಳಬಾರದೇನವ್ವ?"

"ಹೇಳೂದೇನದ? ದಿನಾ ಅದ ಹೂವ ಪ್ರಸಾದ ಅಂತ ನಿನ್ನ ಕೈಯಾಗ ಕೊಡತಿದ್ದೆ. ಕಣ್ಣಿಗೊತ್ತಿಕೊಂಡು, 'ದೇವರೇ, ಈ ಸಲರೆ ಕಾಯಿ ಬಿಡಲಿ' ಅಂತ ನೀನೇ ಬೇಡಕೋತಿದ್ದಿ!"